ನಾಲ್ಕೂರು ತಿರುಗಿದ ರವಿಕೆ ಕಣ

ಸಿಂಚನಾ, ತೇಜಸ್,

ಹೋದ ತಿಂಗಳು ಊಟಕ್ಕೆ ಕುಳಿತಾಗ ಸಿಂಚನಾ ನನ್ನನ್ನು ಒಂದು ಮಾತು ಕೇಳಿದಳು. "ಅಜ್ಜಿ, ನ್ಯಾಮತಿಲಿ ಅಂಗಡಿ ಇಟ್ಟಿದ್ಯಲ್ಲ, ಆಗ ಮಾರ್ಕೆಟಿಂಗ್ ಹೆಂಗೆ ಮಾಡ್ತಿದ್ದೆ?" ನಾನು ಮಜ್ಜಿಗೆ ತರುತ್ತೇನೆಂದು ಒಳಗೆ ಹೋದವಳು ನೀವು ಕೈ ತೊಳೆಯುವವರೆಗೆ ಹೊರಗೆ ಬರಲಿಲ್ಲ. "ಅಜ್ಜಿಗೆ ಮಾರ್ಕೆಟಿಂಗ್ ಅಂದ್ರೆ ಸಂತೆಗೆ ಹೋಗಿ ಬದನೆಕಾಯಿ ತರೋದು ಕಣೆ" ಎಂದು ತೇಜಸ್ ಹೇಳಿದ್ದು ಒಳಗೆ ಕೇಳಿಸಿತು. ಒಲೆಯ ಮುಂದೆ ಒಬ್ಬಳೇ ನಕ್ಕೆ. ನನಗೆ ಮೊದಲಿನಿಂದಲೂ ಹೀಗೆ. ನಾಲ್ಕು ಜನ ಎದುರಿಗೆ ಕೂತು ಮುಖ ನೋಡಿದರೆ ಬಾಯಿಗೆ ಮಾತು ಬರುವುದಿಲ್ಲ. ಕೈಗಾದರೆ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಸಿಂಚನಾ ಇನ್ನು ಸ್ವಲ್ಪ ದಿನಕ್ಕೆ ದಾವಣಗೆರೆಯ ಬಟ್ಟೆ ಅಂಗಡಿಯಲ್ಲಿ ಹೆಂಗಸರ ವಿಭಾಗ ನೋಡಿಕೊಳ್ಳುವವಳು. ಕೈಕೆಳಗೆ ಎಂಟು ಹುಡುಗಿಯರಂತೆ. ತಯಾರಿಗೆಂದು ಮೂರು ಪುಸ್ತಕ ತಂದಿದ್ದಳು. ಒಂದು ನಾಯಕತ್ವದ್ದು, ಒಂದು ವ್ಯಾಪಾರದ ತಂತ್ರದ್ದು, ಇನ್ನೊಂದು ಮಾರ್ಕೆಟಿಂಗಿನದು. ಮೂರೂ ಈ ಚನ್ನಗಿರಿ ಮನೆಯಲ್ಲಿ ನನ್ನ ಮಂಚದ ಮೇಲೇ ಉಳಿದವು. ನಾನು ಓದಿದ್ದು ಕೆರೆಬಿಳಚಿ ಹತ್ತಿರದ ಹಳ್ಳಿ ಶಾಲೆಯಲ್ಲಿ, ಏಳನೆಯ ತರಗತಿವರೆಗೆ. ಈಗಲೂ ಸಾಲಿನ ಕೆಳಗೆ ಬೆರಳಿಟ್ಟುಕೊಂಡೇ ಓದುತ್ತೇನೆ. ಆದರೂ ಮಧ್ಯಾಹ್ನದ ಹೊತ್ತು ಕೂತು ಮೂರನ್ನೂ ಮುಗಿಸಿದೆ. ಚೆನ್ನಾಗಿವೆ. ಕೆಲವು ಕಡೆ 'ಅಯ್ಯೋ, ಇದು ನಮ್ಮ ಅಂಗಡಿಯಲ್ಲೂ ಆಗಿತ್ತಲ್ಲ' ಅನ್ನಿಸಿತು. ಕೆಲವು ಕಡೆ 'ಇದನ್ನು ಬರೆದವರು ಪಂಚಮಿಯ ಹಿಂದಿನ ಮೂರು ದಿನ ನಮ್ಮ ಅಂಗಡಿಯಲ್ಲಿ ಕೂತಿದ್ದರೆ ಬೇರೆ ಥರ ಬರೆಯುತ್ತಿದ್ದರು' ಅನ್ನಿಸಿತು. ಪಂಚಮಿಯ ಸಂಗತಿಗೆ ಆಮೇಲೆ ಬರುತ್ತೇನೆ.

ನಿಮ್ಮ ತಾತ ಹೋದಾಗ ನಿಮ್ಮ ಅಮ್ಮನಿಗೆ ನಾಲ್ಕು ವರ್ಷ. ಆಗ ನಾವು ಹೊನ್ನಾಳಿಯಲ್ಲಿದ್ದೆವು. ಆ ದುಃಖವನ್ನು ಇಲ್ಲಿ ಬರೆಯುವುದಿಲ್ಲ. ನನಗೆ ಕೆಲಸ ಬೇಕಿತ್ತು ಎಂದಷ್ಟು ತಿಳಿದರೆ ಸಾಕು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬುಡೇನ್ ಮೇಷ್ಟ್ರು ಅನ್ನುವ ಟೈಲರ್ ಇದ್ದರು. ಹುಕ್ಕು, ಕಾಜ ಹಾಕಲು ಯಾರಾದರೂ ಬೇಕೆಂದು ಹೇಳಿದ್ದಾರೆ ಅಂತ ಕೇಳಿ ಹೋದೆ. ಹೋಗಿ ಬಾಗಿಲಲ್ಲಿ ನಿಂತೆ. ಅವರು ಕನ್ನಡಕದ ಮೇಲಿನಿಂದ ನೋಡಿ, "ಹೊಲಿಸಾಕೆ ಬಂದೀಯೋ, ಹೊಲಿಯಾಕೆ ಬಂದೀಯೋ ತಂಗೀ?" ಎಂದರು. ನಾನು ಎರಡನೆಯದು ಎನ್ನುವುದಕ್ಕೆ ಎರಡು ಬೆರಳು ತೋರಿಸಿದೆ. ಅದನ್ನು ಅವರು ವರ್ಷಗಟ್ಟಲೆ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು.

ಮೇಷ್ಟ್ರು ನನಗೆ ಮೊದಲು ಕಲಿಸಿದ್ದು ಕತ್ತರಿ ಹಿಡಿಯುವುದನ್ನಲ್ಲ. ಅಳತೆಗೆಂದು ಹೆಂಗಸರು ತಂದುಕೊಡುವ ಹಳೆಯ ರವಿಕೆಯನ್ನು ಓದುವುದನ್ನು. "ಇದನ್ನ ಮೊದಲು ಓದು" ಎಂದು ಕೈಗೆ ಕೊಡುತ್ತಿದ್ದರು. ಕಂಕುಳಲ್ಲಿ ಹೊಲಿಗೆ ಬಿಟ್ಟಿದ್ದರೆ ಆಕೆ ದಪ್ಪಗಾಗಿದ್ದಾಳೆ, ಹೇಳಿಕೊಳ್ಳಲು ನಾಚಿಕೆ. ಬಲಭುಜ ಸವೆದಿದ್ದರೆ ಕೊಡ ಹೊರುವವಳು, ಅಲ್ಲಿಗೆ ಒಳಗಿನಿಂದ ಒಂದು ಪಟ್ಟಿ ಕೊಡಬೇಕು. ಮುಂದಿನ ಹುಕ್ಕಿನ ಪಟ್ಟಿ ಜಗ್ಗಿದ್ದರೆ ಹಾಲು ಕುಡಿಯುವ ಕೂಸಿದೆ. ಮಾರ್ಕೆಟಿಂಗ್ ಪುಸ್ತಕದಲ್ಲಿ ಗ್ರಾಹಕರನ್ನು ಪ್ರಶ್ನೆ ಕೇಳಿ, ಪ್ರಶ್ನೆ ಕೇಳಿ ಎಂದು ಬರೆದಿದೆ. ನಾನು ಯಾರನ್ನೂ ಏನೂ ಕೇಳಿದವಳಲ್ಲ. ಕೇಳಲು ನನಗೆ ಆಗುತ್ತಲೂ ಇರಲಿಲ್ಲ. ಆದರೆ ಟೇಪು ಹಿಡಿದು ಸುಮ್ಮನೆ ನಿಂತವಳ ಹತ್ತಿರ ಹೆಂಗಸರು ಎಲ್ಲವನ್ನೂ ಹೇಳುತ್ತಾರೆ. ನನ್ನ ಸಂಕೋಚ ಹೀಗೆ ಒಂದು ಕೆಲಸಕ್ಕೆ ಬಂತು.

ನನ್ನ ಮೊದಲ ದೊಡ್ಡ ತಪ್ಪು ಅಲ್ಲೇ ಆದದ್ದು. ಶಾಲೆಯ ಟೀಚರೊಬ್ಬರು ತಂಗಿಯ ಮದುವೆಗೆ ಅಂಚಿನ ರೇಷ್ಮೆ ಬಟ್ಟೆ ಕೊಟ್ಟಿದ್ದರು. ಬಲಗೈ, ಎಡಗೈ ಎಂದು ತಿರುವಿ ಕತ್ತರಿಸಬೇಕಾದ ತೋಳುಗಳನ್ನು ನಾನು ಎರಡನ್ನೂ ಬಲಗೈಗೇ ಕತ್ತರಿಸಿಬಿಟ್ಟೆ. ಬಟ್ಟೆಯಲ್ಲಿ ಚೂರೂ ಉಳಿದಿರಲಿಲ್ಲ. ಟೀಚರ್ ಬಂದಾಗ ನಾನು ಪರದೆಯ ಹಿಂದೆ ಹೋಗಿ ನಿಂತೆ. ಮೇಷ್ಟ್ರು ಎದ್ದು ನಿಂತು ಹೇಳಿದರು: "ನನ್ನ ಕತ್ತರಿ ತಪ್ಪಾತಮ್ಮ. ಅಂಥದೇ ಬಟ್ಟೆ ನಾನೇ ತಂದು ನಾಡಿದ್ದು ಹೊಲಿದಿಟ್ಟಿರ್ತೀನಿ. ಮದುವೆಗೆ ತೊಂದರೆ ಆಗಾಕೆ ಬಿಡಲ್ಲ." ನನ್ನ ಹೆಸರೇ ಬರಲಿಲ್ಲ. ಆಕೆ ಹೋದ ಮೇಲೆ ಬೈಗುಳ ತಿನ್ನಲು ಸಿದ್ಧಳಾಗಿ ನಿಂತೆ. ಅವರು ಆ ಎರಡು ತೋಳುಗಳನ್ನು ನನ್ನ ಕೈಗೆ ಕೊಟ್ಟು, "ಗೋಡೆಗೆ ಮೊಳೆ ಹೊಡೆದು ತೂಗ್ಹಾಕು. ಎರಡೂ ಬಲಗೈ ಇರೋ ಹೆಂಗಸು ಯಾರಾದ್ರೂ ಬಂದ್ರೆ ಕೊಡಾನ" ಎಂದರು. ಅವು ಎರಡು ವರ್ಷ ಅಲ್ಲೇ ತೂಗಿದವು. ಆಮೇಲೆ ನಾನು ಆ ತಪ್ಪು ಮಾಡಲಿಲ್ಲ.

ನಾಯಕತ್ವದ ಪುಸ್ತಕದಲ್ಲಿ ಇದಕ್ಕೆ ಒಂದು ಇಡೀ ಅಧ್ಯಾಯ ಇದೆ, ಚಿತ್ರ ಸಮೇತ. ಸಿಂಚನಾ, ನಿನ್ನ ಎಂಟು ಹುಡುಗಿಯರಲ್ಲಿ ಒಬ್ಬಳು ಏನಾದರೂ ಕೆಡಿಸಿದ ದಿನ ಆ ಅಧ್ಯಾಯ ಹುಡುಕಬೇಡ. ಈ ಎರಡು ಬಲಗೈ ನೆನೆಸಿಕೋ.

ಮೇಷ್ಟ್ರಿಗೆ ಕಣ್ಣು ಮಂಜಾಗತೊಡಗಿತು. ಅವರ ಮಗ ಅಂಗಡಿಯನ್ನು ರೆಡಿಮೇಡ್ ಷರಟಿಗೆ ತಿರುಗಿಸಿದ. ಒಂದು ದಿನ ಮೇಷ್ಟ್ರೇ ಹೇಳಿದರು: "ನ್ಯಾಮತಿಲಿ ಹೆಂಗಸರಿಗೆ ಹೊಲಿಯೋರು ಯಾರೂ ಇಲ್ಲ. ಅಲ್ಲಿನ ಹೆಂಗಸರು ಒಂದು ಜಂಪರ್‌ಗೆ ಬಸ್ ಹತ್ತಿ ಇಲ್ಲಿಗೆ ಬರ್ತಾರೆ. ಅವರನ್ನ ಯಾಕೆ ಬಸ್ ಹತ್ತಿಸ್ತೀಯ? ನೀನೇ ಹತ್ತು." ವ್ಯಾಪಾರದ ತಂತ್ರ ಎಂದು ಇನ್ನೂರು ಪುಟದ ಪುಸ್ತಕ ಬರೆದಿದ್ದಾರಲ್ಲ, ನಾನು ಕೇಳಿದ್ದು ಇಷ್ಟೇ. ತಮ್ಮ ಹಳೆಯ ಹೊಲಿಗೆ ಮಿಷನ್ನನ್ನು ಬಸ್ಸಿನ ಮೇಲೆ ಕಟ್ಟಿಸಿಯೂ ಕೊಟ್ಟರು. ಮೇಷ್ಟ್ರ ಅಂಗಡಿಯಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ರೇಣುಕಾ ನ್ಯಾಮತಿಯವಳೇ. ಅವಳೂ ಜೊತೆಗೆ ಬಂದಳು. ಆಗ ನ್ಯಾಮತಿ ಇನ್ನೂ ತಾಲ್ಲೂಕು ಆಗಿರಲಿಲ್ಲ.

ಒಂದು ತಿಂಗಳು ಯಾರೂ ಬರಲಿಲ್ಲ. ಬರುವುದಾದರೂ ಹೇಗೆ? ನಾನು ಪರದೆಯ ಹಿಂದೆ ಕೂತಿರುತ್ತಿದ್ದೆ. "ಅಂಗಡಿ ಇಟ್ಟೀಯೋ, ತಪಸ್ಸಿಗೆ ಕುಂತೀಯೋ ಹಾಲಕ್ಕ?" ಎಂದು ರೇಣುಕಾ ರೇಗುತ್ತಿದ್ದಳು. ನನ್ನ ಹೆಸರು ಹಾಲಮ್ಮ, ಅವಳಿಗೆ ಹಾಲಕ್ಕ. ಅವಳೇ ಬೀದಿಯಲ್ಲಿ ಹೋಗುವವರನ್ನು ಅಕ್ಕಾ, ಅತ್ತೆ, ಚಿಕ್ಕಿ ಎಂದು ಕೂಗಿ ಕರೆದು ತಂದು, ಪರದೆ ಸರಿಸಿ ನನ್ನ ಮುಂದೆ ನಿಲ್ಲಿಸುತ್ತಿದ್ದಳು. ಹಾಗೆ ಕೆಲಸ ಬರತೊಡಗಿತು.

ಮೂರನೆಯ ತಿಂಗಳು ಪಕ್ಕದ ಬೀದಿಯ ಮನೆಯಿಂದ ಕುಬುಸದ ರವಿಕೆ ಬಂತು. ಚೊಚ್ಚಲ ಬಸುರಿಗೆ ಹಸಿರು ಸೀರೆ, ಹಸಿರು ರವಿಕೆ ತೊಡಿಸಿ ಆರತಿ ಮಾಡುತ್ತಾರಲ್ಲ, ಆ ಕಾರ್ಯದ್ದು. ಒಯ್ಯಲು ಬಂದವರು ಹುಡುಗಿಯ ಸೋದರತ್ತೆ ತಿಪ್ಪಮ್ಮ. ನ್ಯಾಮತಿಯಲ್ಲಿ ಹುಟ್ಟಿ ಜಗಳೂರಿಗೆ ಕೊಟ್ಟ ಹೆಣ್ಣು. ಎತ್ತರದ ಹೆಂಗಸು, ಬೀದಿಯ ಆ ತುದಿಗೆ ಕೇಳುವ ದನಿ. ನಾನು ರವಿಕೆ ಮಡಿಸಿ ಮುಂದೆ ಚಾಚಿದೆ. ಅವರು ನನ್ನ ಹಣೆ ನೋಡಿದರು, ಬರಿಗೈ ನೋಡಿದರು. "ಒಳಗೆ ಯಾರಾದ್ರೂ ಮುತ್ತೈದೇರು ಅದಾರೇನವ್ವ? ಶುಭದ ಕೆಲಸ ನೋಡು" ಎಂದರು. ಒರಟಾಗಿ ಹೇಳಲಿಲ್ಲ. ಎಲ್ಲರೂ ಹೇಳುವ ಹಾಗೆಯೇ ಹೇಳಿದರು. ನಾನು ರವಿಕೆಯನ್ನು ಮೇಜಿನ ಮೇಲೆ ಇಟ್ಟೆ. ರೇಣುಕಾ ಅದನ್ನು ಎತ್ತಿ ಕೊಟ್ಟಳು.

ಅವರು ಹೋದ ಮೇಲೆ ಅವಳ ಬಾಯಿ ಹಿಡಿಯುವುದು ಕಷ್ಟವಾಯಿತು. "ಹೊಲಿಯಾಕೆ ನಿನ್ನ ಕೈ ಆಗ್ತೈತೆ, ಕೊಡಾಕೆ ಆಗಲ್ವಂತೆ. ಹಂಗಾದ್ರೆ ಒಂದೊಂದು ಹೊಲಿಗೇನೂ ಬಿಚ್ಚಿ ಒಯ್ಯಲಿ!" ನಾನು "ಹೋಗ್ಲಿ ಬಿಡೆ" ಎಂದೆ. ಆದರೆ ಆ ದಿನ ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ. ಅವತ್ತಿನಿಂದ ಶುಭಕಾರ್ಯದ ಬಟ್ಟೆಯನ್ನೆಲ್ಲ ರೇಣುಕಳೇ ಕೊಡುವುದೆಂದು ನಾನೇ ನಿಯಮ ಮಾಡಿಕೊಂಡೆ. ಇಷ್ಟು ಬೇಸರ ಸಾಕು. ಇನ್ನು ನಗುವ ಸಂಗತಿಗಳೇ.

ನಮ್ಮ ಕಡೆ ಮದುವೆ, ಕುಬುಸ, ಗೃಹಪ್ರವೇಶ ಏನೇ ಇರಲಿ, ಬಂದ ಮುತ್ತೈದೆಯರಿಗೆ ಉಡಿ ತುಂಬುವಾಗ ಅಕ್ಕಿ, ಕಾಯಿ, ಎಲೆ ಅಡಿಕೆಯ ಜೊತೆ ಒಂದು ರವಿಕೆ ಕಣ, ಅಂದರೆ ಹೊಲಿಯದ ರವಿಕೆ ಬಟ್ಟೆ, ಇಡುತ್ತಾರೆ. ಆ ಕಣವನ್ನು ಯಾರೂ ಹೊಲಿಸುವುದಿಲ್ಲ. ಕೈ ಹೊಲಿದರೆ ಬೆನ್ನಿಲ್ಲ, ಬೆನ್ನು ಹೊಲಿದರೆ ಕೈಯಿಲ್ಲ, ಅಷ್ಟು ಗಿಡ್ಡ. ಸೊಳ್ಳೆಪರದೆಯಷ್ಟು ತೆಳು. ಟ್ರಂಕಿಗೆ ಬೀಳುತ್ತದೆ, ಮುಂದಿನ ಕಾರ್ಯ ಬಂದಾಗ ಟ್ರಂಕಿನಿಂದ ಎದ್ದು ಇನ್ನೊಬ್ಬರ ಉಡಿಗೆ ಹೋಗುತ್ತದೆ. ರೇಣುಕಾ ಒಂದು ದಿನ ತನ್ನ ಟ್ರಂಕು ತೆರೆದು ತೋರಿಸಿದಳು. "ಇದರಾಗೆ ನಾನು ಕೊಟ್ಟು ನಂಗೇ ವಾಪಸ್ ಬಂದವೂ ಅದಾವೆ ನೋಡು" ಎಂದಳು. ಆ ರಾಶಿಯಲ್ಲಿ ಒಂದೇ ಒಂದು ಒಳ್ಳೆಯ ಬಟ್ಟೆ ಇತ್ತು. ನೇರಳೆ ಬಣ್ಣದ್ದು, ಅಗಲವೂ ಸಾಕಷ್ಟು. ತಮಾಷೆಗೆಂದು ನಾನು ಅದರ ಮೂಲೆಯಲ್ಲಿ ಕೆಂಪು ದಾರದಿಂದ ಒಂದು ಬೇವಿನೆಲೆ ಹಾಕಿದೆ. "ಕೊಟ್ಟುಬಿಡೆ ಯಾರಿಗಾದ್ರೂ. ಎಲ್ಲಿವರೆಗೆ ಹೋಗ್ತೈತೋ ನೋಡಾನ" ಎಂದೆ.

ಎಂಟು ತಿಂಗಳಾದ ಮೇಲೆ ರೇಣುಕಾ ಹೊನ್ನಾಳಿಯ ಒಂದು ಮದುವೆಯಿಂದ ಓಡೋಡಿ ಬಂದಳು. "ಹಾಲಕ್ಕ, ನಮ್ಮೆಲೆ ಕಣ್ಣಾರೆ ನೋಡಿದೆ ಕಣೆ! ಚನ್ನಗಿರಿಯಿಂದ ಬಂದ ಬೀಗ್ತಿ ಉಡಿಯಾಗೆ ಬಿತ್ತು. ಉಡಿಗೆ ಹಾಕ್ದೋಳು ನಾನು ಯಾರಿಗೆ ಕೊಟ್ಟಿದ್ನೋ ಅವಳಲ್ಲ, ಮತ್ಯಾವಳೋ!" ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಕ್ಕು ಮುಗಿದ ಮೇಲೆ ನನಗೆ ಒಂದು ಯೋಚನೆ ಹತ್ತಿತು. ಮಾರ್ಕೆಟಿಂಗ್ ಪುಸ್ತಕದ ಮೊದಲ ಪಾಠವೇ 'ನಿಮ್ಮ ಗ್ರಾಹಕರು ಯಾರು, ಅವರಿಗೆ ನಿಜವಾಗಿ ಬೇಕಾದದ್ದೇನು' ಎನ್ನುವುದು. ನನಗೆ ಆ ಪ್ರಶ್ನೆ ಗೊತ್ತಿರಲಿಲ್ಲ, ಆದರೆ ನೇರಳೆ ಕಣ ಗೊತ್ತಿತ್ತು. ಕೊಡುವವಳಿಗೆ ತಾನು ಕೊಟ್ಟದ್ದು ನೆನಪಿನಲ್ಲಿ ಉಳಿಯಬೇಕು. ತೆಗೆದುಕೊಳ್ಳುವವಳಿಗೆ ಮೈಗೆ ಹಾಕಿಕೊಳ್ಳಲು ಒಂದು ರವಿಕೆ ಬೇಕು. ಬರಿಯ ಬಟ್ಟೆ ಇಬ್ಬರಿಗೂ ಬೇಡ. ಹಾಗಾಗಿ ನಾವು ಟೂ ಬೈ ಟೂ ಎನ್ನುವ ಒಳ್ಳೆಯ ಗಟ್ಟಿ ಹತ್ತಿ ಬಟ್ಟೆಯನ್ನು ಧಾರಾಳವಾಗಿ ಕತ್ತರಿಸಿ, ಮೂಲೆಗೆ ಬೇವಿನೆಲೆ ಹಾಕಿ, ಹೊಲಿಗೆಯ ಕೂಲಿಯನ್ನೂ ಬೆಲೆಯಲ್ಲೇ ಸೇರಿಸಿ, ಒಂದೊಂದಕ್ಕೂ ಒಂದು ಚೀಟಿ ಪಿನ್ನು ಮಾಡಿದೆವು. ರೇಣುಕಳ ಅಕ್ಷರ ದುಂಡಗೆ. ಅವಳು ಬರೆದಳು: 'ಈ ಚೀಟಿ ತಂದವರಿಗೆ ಈ ಕಣ ಹೊಲಿದು ಕೊಡುತ್ತೇವೆ. ಹಾಲಮ್ಮ, ನ್ಯಾಮತಿ.'

ಎಲೆ ಕಣ ಎಂದೇ ಹೆಸರಾಯಿತು. ಮದುವೆಗೆ ಇಪ್ಪತ್ತು ಬೇಕು, ಮೂವತ್ತು ಬೇಕು ಎಂದು ಒಯ್ಯುವವರಾದರು. ನಾನು ಹೋಗಿ ಬಾಗಿಲು ತಟ್ಟಲು ಹೆದರುವಂಥ ಮನೆಗಳಿಗೆಲ್ಲ ಆ ಕಣ ಎಲೆ ಅಡಿಕೆಯ ಜೊತೆ ತಟ್ಟೆಯಲ್ಲಿ ಕೂತು ಗೌರವವಾಗಿ ಹೋಗುತ್ತಿತ್ತು. ಹೊಲಿಗೆಗೆ ಇನ್ನೊಬ್ಬಳನ್ನು ಸೇರಿಸಿಕೊಂಡೆವು.

ಕೆಲಸದ ರೀತಿ ಬದಲಾದದ್ದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆಯುತ್ತೇನೆ. ಕಾಲಲ್ಲಿ ತುಳಿಯುವ ಮಿಷನ್ನಿಗೆ ಮೋಟರು ಬಂತು. ಮೊದಲ ದಿನ ಅದು ನನ್ನ ಸೆರಗನ್ನೂ ಸೇರಿಸಿ ಹೊಲಿದುಬಿಟ್ಟಿತು. ಎಷ್ಟೋ ವರ್ಷದ ಮೇಲೆ ಮೊಬೈಲ್ ಫೋನು ಬಂತು. ಹುಡುಗಿಯರು ಸಿನಿಮಾದವರ ಬೆನ್ನಿನ ಫೋಟೊ ತೋರಿಸಿ "ಹಿಂಗೇ ಬೇಕು ಆಂಟಿ" ಎನ್ನುತ್ತಿದ್ದರು. ಹಿಂದೆ ನಿಂತ ತಾಯಿ ನನಗೆ ಮಾತ್ರ ಕಾಣುವ ಹಾಗೆ ಕೈಯಲ್ಲಿ 'ಇಷ್ಟು ಮೇಲಕ್ಕೆ' ಎಂದು ತೋರಿಸುತ್ತಿದ್ದಳು. ನಾನು ಇಬ್ಬರಿಗೂ ತಲೆಯಾಡಿಸಿ, ಕಟ್ಟಿದರೆ ಮೇಲೆ, ಬಿಚ್ಚಿದರೆ ಕೆಳಗೆ ಬರುವ ಹಾಗೆ ಬೆನ್ನಿಗೆ ದಾರ ಇಟ್ಟು ಹೊಲಿಯುತ್ತಿದ್ದೆ. ಇಬ್ಬರೂ ಮತ್ತೆ ಬರುತ್ತಿದ್ದರು.

ಈಗ ಪಂಚಮಿ.

ನಾನು ಚೀಟಿಯಲ್ಲಿ ತಾರೀಖು ಬರೆಸಿರಲಿಲ್ಲ. ಕಣ ಸಿಕ್ಕವಳು ಹದಿನೈದು ದಿನದಲ್ಲಿ ತಂದು ಹೊಲಿಸುತ್ತಾಳೆ ಎಂದುಕೊಂಡಿದ್ದೆ. ಟ್ರಂಕು ನೋಡಿಯೂ ನನಗೆ ಬುದ್ಧಿ ಬರಲಿಲ್ಲ. ಹೆಂಗಸರು ಚೀಟಿಯನ್ನೂ ಕಣದ ಜೊತೆ ಟ್ರಂಕಿಗೆ ಹಾಕಿದರು. ಉಡಿಯಿಂದ ಉಡಿಗೆ ಚೀಟಿಯೂ ಹೋಯಿತು. ಮೊದಲ ವರ್ಷದ ಪಂಚಮಿಗೆ ಹತ್ತೋ ಹನ್ನೆರಡೋ ಬಂದವು, ಹೊಲಿದು ಕೊಟ್ಟೆವು. ಆ ಸುದ್ದಿ ಹಬ್ಬಿತು. ನಾಗರ ಪಂಚಮಿ ಎಂದರೆ ಕೊಟ್ಟ ಹೆಣ್ಣುಮಕ್ಕಳೆಲ್ಲ ತವರಿಗೆ ಬರುವ ಹಬ್ಬ ತಾನೆ? 'ಹೆಂಗೂ ತವರಿಗೆ ಹೋಗ್ತೀವಿ, ಆಗ ಹೊಲಿಸಿಕೊಂಡರಾಯ್ತು' ಎಂದು ಎಲ್ಲರೂ ಒಂದೇ ಲೆಕ್ಕ ಹಾಕಿದ್ದಾರೆ.

ಮರುವರ್ಷ ನಾಗರ ಚೌತಿಗೆ ಮೂರು ದಿನ ಇರುವಾಗ ಬೆಳಿಗ್ಗೆ ಬಾಗಿಲು ತೆಗೆಯಲು ಹೋದೆವು. ಅಂಗಡಿಯ ಮುಂದೆ ಬೀದಿ ತುಂಬ ಹೆಂಗಸರು. ಕಂಕುಳಲ್ಲಿ ಕೂಸು, ಕೈಯಲ್ಲಿ ಚೀಟಿ. ಚನ್ನಗಿರಿ ಕಡೆಯವರು, ಹೊನ್ನಾಳಿ ಹಳ್ಳಿಗಳವರು, ದೂರದ ಜಗಳೂರಿಗೆ ಕೊಟ್ಟವರು, ಎಲ್ಲ ನ್ಯಾಮತಿಯ ಹೆಣ್ಣುಮಕ್ಕಳೇ. "ಹಾಲಕ್ಕ, ನಮ್ಮ ಪಕ್ಕದಾಗೆ ಏನಾದ್ರೂ ರೇಷನ್ ಅಂಗಡಿ ಬಂತೇನೆ?" ಎಂದಳು ರೇಣುಕಾ. ಚೀಟಿ ನೂರು ದಾಟಿದ ಮೇಲೆ ಎಣಿಸುವುದನ್ನು ಬಿಟ್ಟೆವು.

ನಾವು ಮೂರು ಜನ. ಎಷ್ಟು ಒದ್ದಾಡಿದರೂ ಮೂರು ದಿನಕ್ಕೆ ನಲವತ್ತು ರವಿಕೆ ಆಗಬಹುದಿತ್ತು. ಚೌತಿ, ಪಂಚಮಿ ಎರಡು ದಿನ ನಾಗಪ್ಪನಿಗೆ ಹಾಲೆರೆಯುವುದು. ಕತ್ತರಿ, ಸೂಜಿ, ಕುಡುಗೋಲು ಮುಟ್ಟುವಂತಿಲ್ಲ, ಒಲೆಯ ಮೇಲೆ ಹೆಂಚು ಸಹ ಇಡುವುದಿಲ್ಲ. ಹಬ್ಬ ಮುಗಿದ ಮರುದಿನ ಹೆಣ್ಣುಮಕ್ಕಳು ಗಂಡನ ಮನೆಯ ಬಸ್ಸು ಹತ್ತುತ್ತಾರೆ. ಅಂದರೆ ಇರುವುದು ಈ ಮೂರೇ ದಿನ.

"ಚೀಟಿ ಬರೆದು ಕೊಟ್ಟೀರಿ. ಮಾತು ಮಾತೇ ಅಲ್ವೇನ್ರೀ?" ಎಂದು ಹಿಂದಿನಿಂದ ಒಬ್ಬಳು ಕೂಗಿದಳು. ರೇಣುಕಾ ನನ್ನನ್ನು ಒಳಗೆ ಎಳೆದುಕೊಂಡು, "ಬಾಗಿಲು ಹಾಕಿಬಿಡಾನ. ಮೋಟರು ಕೆಟ್ಟೈತೆ, ಹಬ್ಬ ಆದ ಮೇಲೆ ಬರ್ರಿ ಅನ್ನಾನ. ಅಷ್ಟೊತ್ತಿಗೆ ಅರ್ಧ ಜನ ಊರಿಗೆ ಹೋಗಿರ್ತಾರೆ" ಎಂದಳು.

ಆ ಚೀಟಿಯಲ್ಲಿ ಇದ್ದದ್ದು ನನ್ನ ಹೆಸರು. ಕಣ ನಾಲ್ಕೂರು ತಿರುಗಿದ ಹಾಗೆಯೇ 'ಹಾಲಮ್ಮನ ಚೀಟಿ ಸುಳ್ಳು' ಎನ್ನುವ ಮಾತೂ ತಿರುಗುತ್ತದೆ. ಅದಕ್ಕೆ ಬಸ್ಸೂ ಬೇಡ. ನಿಮ್ಮ ಅಮ್ಮನ ಓದು, ರೇಣುಕಳ ಮನೆ, ಎಲ್ಲ ಆ ಹೆಸರಿನ ಮೇಲೆಯೇ ನಿಂತಿತ್ತು. ಗೋಡೆಯ ಮೇಲೆ ತೂಗುತ್ತಿದ್ದ ಎರಡು ಬಲಗೈ ತೋಳು ನೆನಪಾಯಿತು. ಪರದೆ ಸರಿಸಿ ಹೊರಗೆ ಬಂದೆ. ಮೆಟ್ಟಿಲ ಮೇಲೆ ನಿಂತೆ. ಅಷ್ಟು ಜನರ ಮುಂದೆ ನಾನು ಮಾತಾಡಿದ್ದು ಅದೇ ಮೊದಲು.

"ನನ್ನ ಕತ್ತರಿ ತಪ್ಪು" ಎಂದೆ. ದನಿ ನನಗೇ ಕೇಳಿಸಲಿಲ್ಲ. ಮತ್ತೆ ಹೇಳಿದೆ. "ನನ್ನ ಕತ್ತರಿ ತಪ್ಪು ಕಣ್ರವ್ವ. ಚೀಟಿಯಾಗೆ ತಾರೀಖು ಬರೆಸ್ಲಿಲ್ಲ. ಮೂರು ಜನದ ಕೈಲಿ ಇಷ್ಟು ಆಗಲ್ಲ. ಕತ್ತರಿಸಿ, ಮಿಷನ್ ಹೊಲಿಗೆ ಹಾಕಿ ನಾವು ಕೊಡ್ತೀವಿ. ಅಂಚಿನ ಕೈಹೊಲಿಗೆ, ಹುಕ್ಕು, ಕಾಜ ನೀವು ಹಾಕ್ಕೊಂಡ್ರೆ ಚೌತಿ ಒಳಗೆ ಮುಗೀತೈತೆ. ಆಗಲ್ಲ ಅನ್ನೋರದ್ದು ಇಟ್ಟು ಹೋಗ್ರಿ. ಹಬ್ಬ ಆದ ಮೇಲೆ ನಾನೇ ಪೂರಾ ಹೊಲಿದು, ಬಸ್ಸಿನಾಗೆ ನಿಮ್ಮೂರಿಗೇ ತಂದು ಕೊಡ್ತೀನಿ."

ಆಮೇಲೆ ಗುಂಪಿನ ನಡುವಿನಿಂದ ಗುರುತಿನ ದೊಡ್ಡ ದನಿ ಎದ್ದಿತು.

"ಅಷ್ಟೇನಾ? ಮುಖ ನೋಡಿ ಅಂಗಡೀನೇ ಮುಚ್ತೀನಿ ಅಂತಾಳೇನೋ ಅಂದ್ಕೊಂಡೆ. ಹಬ್ಬದ ಉಂಡೆ ಕಟ್ಟಿ ಮುಗೀತು, ಮನೇಲಿ ಕುಂತು ಅತ್ತಿಗೇರ ಮುಖ ನೋಡೋ ಬದ್ಲು ಹುಕ್ಕು ಹಾಕಾನ ನಡೀರೆ. ತಾ ಇಲ್ಲಿ ಸೂಜಿ!"

ತಿಪ್ಪಮ್ಮ! ನಾನು ಸೂಜಿಯನ್ನು ಮೇಜಿನ ಮೇಲೆ ಇಟ್ಟೆ.

"ಮೇಜಿಗ್ಯಾಕೆ ಕೊಡ್ತಿ? ಕೈಗೆ ಕೊಡು."

"ಅಕ್ಕಾ, ಸೂಜಿ ಕೈಯಿಂದ ಕೈಗೆ ಕೊಟ್ರೆ ಜಗಳ ಆಗ್ತೈತಂತೆ" ಎಂದಳು ಪಕ್ಕದವಳು.

"ಆಗ್ಲಿ ಬಿಡೆ. ಜಗಳೂರಿಂದ ಮತ್ಯಾತಕ್ಕೆ ಬಂದೀನಿ?"

ಬೀದಿಯೆಲ್ಲ ನಕ್ಕಿತು. ನಾನು ಸೂಜಿಯನ್ನು ಅವರ ಕೈಗೇ ಕೊಟ್ಟೆ.

ಆ ಮೂರು ದಿನದಷ್ಟು ಸಂತೋಷದ ಕೆಲಸವನ್ನು ನಾನು ಆಮೇಲೆ ಮಾಡಲಿಲ್ಲ. ನಮ್ಮ ಅಂಗಡಿಯ ಮೆಟ್ಟಿಲು, ಎದುರು ಮನೆಯ ಜಗಲಿ, ಬೇವಿನ ಮರದ ಕೆಳಗೆ, ಎಲ್ಲಿ ನೋಡಿದರೂ ಹೆಂಗಸರು ಕೂತು ಹೊಲಿಯುತ್ತಿದ್ದರು. ಬೇವಿನ ಮರಕ್ಕೆ ಪಂಚಮಿಯ ಜೋಕಾಲಿ ಮೊದಲೇ ಕಟ್ಟಿತ್ತು. ತಮ್ಮ ಸರದಿ ಬರುವವರೆಗೆ ಹುಡುಗಿಯರು ಜೀಕುತ್ತಿದ್ದರು. ರೇಣುಕಾ ಬಾಗಿಲಿಗೆ ಬಂದು ಹೆಸರು ಕೂಗಿದರೆ ಜೋಕಾಲಿಯಿಂದಲೇ "ಬಂದೆ" ಎಂದು ಉತ್ತರ. ಮನೆಮನೆಯಿಂದ ಎಳ್ಳುಂಡೆ, ಶೇಂಗಾ ಉಂಡೆ ಬಂದವು. ಮಿಷನ್ನಿನ ಸದ್ದಿಗಿಂತ ಮಾತಿನ ಸದ್ದೇ ಹೆಚ್ಚು. ಹೊಲಿಗೆ ಚೆನ್ನಾಗಿ ಬರದವರಿಗೆ ಬರುವವರು ಹೇಳಿಕೊಟ್ಟರು. ನಾನು ಯಾರಿಗೂ ಏನನ್ನೂ ಹಂಚಿಕೊಡಲಿಲ್ಲ. ತಿಪ್ಪಮ್ಮನೇ "ಏ ನೀನು ಕಾಜ, ನೀನು ಹುಕ್ಕು" ಎಂದು ದರ್ಬಾರು ಮಾಡಿದರು. ನಾಯಕಿ ಯಾರೆಂದು ಆ ಮೂರು ದಿನ ಕೇಳಿದ್ದರೆ ನಾನು ಅವರ ಕಡೆಗೇ ಕೈ ತೋರಿಸುತ್ತಿದ್ದೆ.

ಎರಡನೆಯ ದಿನ ಬೆಳಗಿನ ಬಸ್ಸಿಗೆ ಬುಡೇನ್ ಮೇಷ್ಟ್ರು ಹೊನ್ನಾಳಿಯಿಂದ ಬಂದು ಇಳಿದರು. ರೇಣುಕಾ ಫೋನು ಮಾಡಿ ಹೇಳಿದ್ದಳಂತೆ. "ಕಣ್ಣು ಕಾಣಲ್ಲ, ಮೇಷ್ಟ್ರೇ, ನೀವ್ಯಾಕೆ ಬರಾಕೆ ಹೋದ್ರಿ?" ಎಂದೆ. "ಕೈ ಕಾಣ್ತೈತೆ ಬಿಡು" ಎಂದು ಅಂಗಿಯ ತೋಳು ಮಡಿಸಿದರು. ಅಳತೆಯ ಹಳೆಯ ರವಿಕೆಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿ ಓದಿದರು. "ಇದಕ್ಕೆ ಕಂಕುಳಲ್ಲಿ ಅರ್ಧ ಇಂಚು ಬಿಡು. ಇದು ಕೂಸಿನ ತಾಯಿದು, ಮುಂದೆ ಸಡಿಲ." ಅವರು ಹೇಳುತ್ತಾ ಹೋದರು, ನಾನು ಕತ್ತರಿಸುತ್ತಾ ಹೋದೆ. ಅಷ್ಟು ರವಿಕೆಗಳಲ್ಲಿ ಒಂದು ತೋಳೂ ತಪ್ಪಲಿಲ್ಲ.

ಮೂರನೆಯ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಎಲ್ಲ ಮುಗಿದು ಮೂರು ಮಾತ್ರ ಉಳಿದವು. ಅವುಗಳಲ್ಲಿ ಒಂದು ತಿಪ್ಪಮ್ಮನದು. ಬೇರೆಯವರದ್ದು ಮುಂದೆ ಮಾಡುತ್ತಾ ತಮ್ಮದನ್ನು ಚೀಲದಿಂದ ತೆಗೆದೇ ಇರಲಿಲ್ಲ. ಈಗ ತೆಗೆದರು. "ಇದಕ್ಕೆ ಚೀಟಿ ಇಲ್ಲ ಕಣವ್ವ. ಎಲೆ ಐತೆ, ಸಾಕಲ್ವ?"

ನೇರಳೆ ಕಣ. ಮೂಲೆಯಲ್ಲಿ ನನ್ನ ಮೊದಲ ಬೇವಿನೆಲೆ, ಸ್ವಲ್ಪ ಸೊಟ್ಟ.

"ಅಯ್ಯೋ, ಇದು ನಾನು ಕೊಟ್ಟಿದ್ದು!" ಎಂದಳು ರೇಣುಕಾ. "ನೀನ್ಯಾವಾಗ ಕೊಟ್ಟಿ? ಹೊನ್ನಾಳಿ ಮದುವೇಲಿ ನಾನು ಕೊಟ್ಟಿದ್ದಲ್ವ?" ಎಂದು ಜಗಲಿಯಿಂದ ಒಬ್ಬಳು. ಚನ್ನಗಿರಿಗೆ ಕೊಟ್ಟ ಹುಡುಗಿ ಜೋಕಾಲಿಯಿಂದ ಇಳಿದು ಬಂದು ನೋಡಿ ಬಾಯಿ ಮುಚ್ಚಿಕೊಂಡಳು. ಅವಳ ಅತ್ತೆಯೇ ಅದನ್ನು ಜಗಳೂರಿನ ನೆಂಟರ ಗೃಹಪ್ರವೇಶದಲ್ಲಿ ತಿಪ್ಪಮ್ಮನ ಉಡಿಗೆ ಹಾಕಿದವಳು. ಒಬ್ಬೊಬ್ಬರಾಗಿ ಕಳ್ಳಿಯರೆಲ್ಲ ಸಿಕ್ಕಿಬಿದ್ದರು. ನಕ್ಕು ನಕ್ಕು ಮೇಷ್ಟ್ರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಹಬ್ಬ ಆದ ಮೇಲೆ ಹೊಲಿದು ಜಗಳೂರಿಗೇ ತಂದು ಕೊಡ್ತೀನಿ" ಎಂದೆ ನಾನು. ತಿಪ್ಪಮ್ಮ ಕಣವನ್ನು ಮಡಿಸಿ ಮತ್ತೆ ಚೀಲಕ್ಕೆ ಹಾಕಿಕೊಂಡರು. "ನೋಡಾನ ತಡಿ" ಎಂದರು.

ಪಂಚಮಿಯ ಮರುದಿನ ಬೆಳಿಗ್ಗೆ ಉಳಿದ ಎರಡು ರವಿಕೆ ಕೈಗೆತ್ತಿಕೊಂಡು ಕೂತಿದ್ದೆ. ಬಸ್ಸಿಗೆ ಹೊರಟ ತಿಪ್ಪಮ್ಮ ಅಂಗಡಿಗೆ ಬಂದರು. ಅಣ್ಣನ ಮನೆಯಿಂದ ಒಂದು ತಟ್ಟೆ ತಂದಿದ್ದರು. ಅಕ್ಕಿ, ಕಾಯಿ, ಎಲೆ ಅಡಿಕೆ, ಮೇಲೆ ಆ ನೇರಳೆ ಕಣ. ರೇಣುಕಳಿಗೆಂದು ತಿಳಿದು ನಾನು ಪಕ್ಕಕ್ಕೆ ಸರಿದೆ.

"ನೀನೆಲ್ಲಿಗೆ ಹೋಗ್ತಿ? ಸೆರಗು ಒಡ್ಡು" ಎಂದರು.

"ನನಗೆ ಉಡಿ ತುಂಬಾಂಗಿಲ್ಲವ್ವ" ಎಂದೆ.

"ಯಾರಂದೋರು?"

"ನೀವೇ ಅವತ್ತು..." ಎಂದು ರೇಣುಕಾ ಬಾಯಿ ಹಾಕಿದಳು. ನಾನು ಅವಳ ಕೈ ಹಿಡಿದೆ. ತಿಪ್ಪಮ್ಮನ ದೊಡ್ಡ ದನಿ ಆಗ ಸಣ್ಣದಾಯಿತು. ನನ್ನ ಮುಖ ನೋಡಿ ಹೇಳಿದರು:

"ಹೂಂ. ಅವತ್ತು ರೇಣುಕನ ಕೈಲಿ ಇಸ್ಕೊಂಡೆ. ಅದು ನನ್ನ ಕತ್ತರಿ ತಪ್ಪು."

ನಾನು ಸೆರಗು ಒಡ್ಡಿದೆ. ಅವರು ಉಡಿ ತುಂಬಿದರು. ನಿಮ್ಮ ತಾತ ಹೋದ ಮೇಲೆ ಅದೇ ಮೊದಲು. "ಹೊಲ್ಕೊಂಡು ಹಾಕ್ಕೊ. ಮತ್ತೊಬ್ರ ಉಡಿಗೆ ದಾಟಿಸಿದ್ರೆ ಜಗಳೂರಿಂದ ಬಂದು ಜಗಳ ಆಡ್ತೀನಿ ನೋಡು" ಎಂದು ಬಸ್ಸಿಗೆ ಓಡಿದರು. ರೇಣುಕಾ ಬಾಗಿಲವರೆಗೆ ಹೋಗಿ ಅವರಿಗೆ ಕೈ ಮುಗಿದಳು. ಅದೂ ಅದೇ ಮೊದಲು.

ಆಮೇಲೆ ಚೀಟಿಯಲ್ಲಿ 'ಪಂಚಮಿಗೆ ಇಪ್ಪತ್ತು ದಿನ ಮುಂಚೆ ತನ್ನಿ' ಎಂದು ಬರೆಸಿದೆವು. ಬೇರೆ ಊರಿನ ಅಂಗಡಿಯೊಂದು ನಮ್ಮದನ್ನೇ ನೋಡಿ ಬಣ್ಣದ ಚೀಟಿ ಅಚ್ಚು ಹಾಕಿಸಿತು. ಹೆದರಿದೆ. ಆದರೆ ಹೆಂಗಸರು ಹಬ್ಬಕ್ಕೆ ಬಂದಾಗ ಕೆಲಸ ಇಲ್ಲದಿದ್ದರೂ ನಮ್ಮ ಮೆಟ್ಟಿಲಿಗೇ ಬಂದು, "ಹಾಕಾಕೆ ಹುಕ್ಕೇನಾದ್ರೂ ಅದಾವೇನು?" ಎಂದು ಕೇಳಿ ಕೂರುತ್ತಿದ್ದರು. ಅದನ್ನು ಅಚ್ಚು ಹಾಕಿಸಲು ಯಾರಿಗೂ ಆಗಲಿಲ್ಲ. ಕುಬುಸದ ರವಿಕೆಗಳನ್ನು ಅಲ್ಲಿಂದ ಮುಂದೆ ನಾನೇ ನನ್ನ ಕೈಯಿಂದ ಕೊಟ್ಟೆ. ಬೇಡ ಎಂದವರು ಇಬ್ಬರೋ ಮೂವರೋ. ಅವರಿಗೆ ರೇಣುಕಾ ಕೊಡುತ್ತಿದ್ದಳು, ಒಂದು ನಗುವನ್ನೂ ಕೊಡದೆ. ಈಗ ಅಂಗಡಿ ಅವಳದು. ಪರದೆಯನ್ನು ಕಿತ್ತು ಹಾಕಿದ್ದಾಳೆ.

ಸಿಂಚನಾ, ನಿನ್ನ ಮೂರು ಪುಸ್ತಕ ಮಂಚದ ಮೇಲೇ ಇವೆ, ಒಯ್ಯಿ. ತೇಜಸ್, ಮಜ್ಜಿಗೆ ಈ ಸಲ ತಂದು ಕೊಡುತ್ತೇನೆ.

ಆ ನೇರಳೆ ಕಣವನ್ನು ನಾನು ಹೊಲಿದುಕೊಳ್ಳಲಿಲ್ಲ. ಕತ್ತರಿ ಇಡಲು ಮನಸ್ಸು ಬರಲಿಲ್ಲ. ಅದು ನನ್ನ ಟ್ರಂಕಿನ ತಳದಲ್ಲಿದೆ, ಓದಿದ ಮೇಲೆ ಈ ಹಾಳೆಗಳನ್ನು ಅದರಲ್ಲೇ ಸುತ್ತಿ ಅಲ್ಲೇ ಇಡಿ. ಜೋಪಾನ ಮಾಡಿ. ಮನೆಯಲ್ಲಿ ಕಾರ್ಯ ಬಂದಾಗ ಅವಸರಕ್ಕೆ ಟ್ರಂಕಿಗೆ ಕೈ ಹಾಕಿ, ಸಿಕ್ಕಿದ ಕಣ ಎಂದು ಅದನ್ನು ಯಾರ ಉಡಿಗೂ ಹಾಕಿಬಿಡಬೇಡಿ. ಅದು ತಿರುಗುವಷ್ಟು ತಿರುಗಿ ಮನೆಗೆ ಬಂದಿದೆ.